ಕರಿ ಎಣ್ಣೆಯ ಪೂರ್ವೋತ್ತರ

ಪುತ್ತೂರಿನಿಂದ ಸುಳ್ಯದ ಕಡೆಗೆ ಹೊರಟವರಿಗೆ ಹತ್ತು ಹನ್ನೊಂದು ಕಿಲೋಮೀಟರು ಕಳೆಯುವಷ್ಟರಲ್ಲಿ ಕುಂಬ್ರ ಎಂಬ ಸಣ್ಣ ಪೇಟೆ ಸಿಗುತ್ತದೆ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಅದರ ನಡುವೆಯೇ ಹಾದುಹೋಗಿದೆ. ಬೆಳ್ಳಾರೆಯ ದಾರಿ ಅಲ್ಲಿ ಕವಲೊಡೆಯುತ್ತದೆ. ಚರಿತ್ರೆಯ ಪುಸ್ತಕಗಳು ಈ ಊರಿನ ಹೆಸರನ್ನು ಎತ್ತುವುದು ಅಪರೂಪ. ದಾರಿ ಕೂಡುವ ಊರು, ಅಷ್ಟೆ. ದಾರಿ ಕೂಡಿದಲ್ಲಿ ಚಹಾದ ಹೋಟೆಲು, ಅಡಿಕೆ ಕೊಳ್ಳುವ ಅಂಗಡಿ, ಗಾಡಿ ರಿಪೇರಿಯ ಗ್ಯಾರೇಜು ಇವು ಕರೆಯದೆಯೇ ಬರುತ್ತವೆ. ಅಂಥ ಒಂದು ಗ್ಯಾರೇಜಿನಲ್ಲಿ ಕಳೆದ ಮಳೆಗಾಲದಲ್ಲಿ ನಾನು ಅರ್ಧ ದಿನ ಕುಳಿತಿದ್ದೆ. ಕುಳಿತಲ್ಲಿ ಹೊಳೆದ ಒಂದು ಚರಿತ್ರೆಯನ್ನು ಹೇಳುವುದು ಈ ಬರಹದ ಉದ್ದೇಶ. ಅದು ಮೋಟಾರಿನ ಇಂಜಿನಿನಿಂದ ಇಳಿಸಿ ತೆಗೆಯುವ ಕರಿ ಎಣ್ಣೆಯ ಚರಿತ್ರೆ. ಹಳಗನ್ನಡದ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ವಾಚಕರು ನಕ್ಕರೆ ನನ್ನ ತಕರಾರಿಲ್ಲ.

ನಡೆದದ್ದು ಇಷ್ಟು. ಆಟಿ ತಿಂಗಳ ಮಳೆಯಲ್ಲಿ ತೋಡಿನ ಮೇಲಿನ ಒಂದು ಮುಳುಗುಸೇತುವೆಯನ್ನು ದಾಟುವ ಧೈರ್ಯ ಮಾಡಿದೆ. ನೀರು ಚಕ್ರದ ಅರ್ಧಕ್ಕಿಂತ ಹೆಚ್ಚಿರಲಿಲ್ಲವೆಂದು ಈಗಲೂ ನನ್ನ ವಾದ. ಕಾರು ನಡುವೆ ನಿಂತಿತು. ನಿಂತ ಕಾರನ್ನು ಸುಮ್ಮನೆ ಬಿಡಬೇಕಾಗಿತ್ತು. ನಾನು ಮೂರು ಸಲ ಕೀಲಿ ತಿರುಗಿಸಿದೆ. ಆಚೆಯ ದಡಕ್ಕೆ ಎಳೆಸಿ ನೋಡಿದರೆ ಇಂಜಿನಿನ ಎಣ್ಣೆ ಹಾಲು ಹೆಚ್ಚಾದ ಚಹಾದಂತಾಗಿತ್ತು. ಪೇಟೆಯ ಒಂದು ಕಾರ್ಖಾನೆಯಲ್ಲಿ, ಹೆಸರು ಬೇಡ, ಹಳೆಯ ಎಣ್ಣೆ ಇಳಿಸಿ ಹೊಸತು ತುಂಬಿ ಒಂದು ಗಂಟೆಯೊಳಗೆ ಬಿಲ್ಲು ಕೊಟ್ಟರು. ಎಂಟು ದಿನದಲ್ಲಿ ಹೊಸ ಎಣ್ಣೆಗೂ ಅದೇ ಚಹಾದ ಬಣ್ಣ ಬಂತು. ಆಗ ಯಾರೋ ಕುಂಬ್ರದ ಕಾಕನ ಹತ್ತಿರ ಹೋಗಿ ಎಂದರು. ಕಾಕನಿಗೆ ಎಪ್ಪತ್ತು ದಾಟಿದೆ. ಈಗ ಕೈಯಲ್ಲಿ ಪಾನೆ ಹಿಡಿಯುವುದು ಅವರ ಮಗ. ಕಾಕ ಬೆಂಚಿನ ಮೇಲೆ ಕುಳಿತು ಹೇಳುತ್ತಾರೆ.

"ಎಣ್ಣೆ ಇಳಿಸಿದ್ದು ಹೌದು ಮಾಷ್ಟ್ರೇ, ಪೂರ್ತಿ ಇಳಿಸಿದ್ದಲ್ಲ" ಎಂದರು ಕಾಕ. ಈ 'ಪೂರ್ತಿ' ಎಂಬ ಮಾತಿನಲ್ಲಿಯೇ ನನ್ನ ವಿಷಯವೆಲ್ಲ ಅಡಗಿದೆ.

ಮೋಟಾರು ಬರುವುದಕ್ಕೆ ಮುಂಚೆ ನಮ್ಮಲ್ಲಿ 'ಹಳೆಯ ಎಣ್ಣೆ' ಎಂಬ ಪದಾರ್ಥವೇ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಎಣ್ಣೆ ಎಂಬ ಮಾತು ಎಳ್ಳು ಮತ್ತು ನೆಯ್ ಎಂಬೆರಡು ಕೂಡಿ ಆದದ್ದೆಂದು ಶಬ್ದಶಾಸ್ತ್ರ ಬಲ್ಲವರು ಹೇಳುತ್ತಾರೆ. ಎಳ್ಳಿನಿಂದ ಬಂದ ಜಿಡ್ಡು ಎಂದರ್ಥ. ಇಂಗ್ಲಿಷರ 'ಆಯಿಲ್' ಎಂಬುದೂ ಇದೇ ಜಾತಿಯದು; ಅದರ ಮೂಲದಲ್ಲಿ ಆಲಿವ್ ಮರವಿದೆ. ನಾವು ಎಳ್ಳಿನ ಹೆಸರನ್ನು ಎಲ್ಲದಕ್ಕೂ ಹಬ್ಬಿಸಿ ತೆಂಗಿನೆಣ್ಣೆ, ಹೊನ್ನೆಣ್ಣೆ, ಹರಳೆಣ್ಣೆ ಎಂದೆವು. ನೆಲದಡಿಯ ಎಣ್ಣೆ ಹಡಗಿನಲ್ಲಿ ಬಂದಾಗ ಘಟ್ಟದ ಮೇಲಿನವರು ಅದನ್ನು ಸೀಮೆಎಣ್ಣೆ ಎಂದರು, ನಮ್ಮ ಕರಾವಳಿಯವರು ಚಿಮಿಣಿ ಎಣ್ಣೆ ಎಂದರು. ಅಲ್ಲಿಯವರೆಗೂ 'ಎಣ್ಣೆ' ನಡೆಯಿತು. ಇಂಜಿನಿನ ಎಣ್ಣೆಗೆ ಬಂದಾಗ ಮಾತ್ರ ನಮ್ಮವರು ಹಿಂಜರಿದರು. ಗ್ಯಾರೇಜಿನಲ್ಲಿ ಅದು ಎಂದೆಂದಿಗೂ 'ಆಯಿಲ್'. ಕೆಡುವ ಮೊದಲು ಬರಿಯ ಆಯಿಲ್, ಕೆಟ್ಟ ಮೇಲೆ 'ಕರಿ ಆಯಿಲ್'. ತಲೆಗೆ ಹಚ್ಚುವುದು, ದೀಪಕ್ಕೆ ಹಾಕುವುದು, ಒಗ್ಗರಣೆಗೆ ಬಳಸುವುದು ಎಣ್ಣೆ. ಇದು ಆ ಮನೆತನದ್ದಲ್ಲ ಎಂದು ಜನ ತಾವಾಗಿ ತೀರ್ಮಾನಿಸಿದಂತಿದೆ. ಈ ಬರಹದಲ್ಲಿ ನಾನು ಮಾತ್ರ ಎಣ್ಣೆ ಎಂದೇ ಬರೆಯುತ್ತಿದ್ದೇನೆ. ಅಧ್ಯಾಪಕರ ಹಟವೆಂದು ತಿಳಿಯಿರಿ.

ಎತ್ತಿನಗಾಡಿಗೂ ಎಣ್ಣೆ ಬೇಕಿತ್ತು. ಅದರ ಹೆಸರು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಗಾಡಿಯ ಅಡಿಯಲ್ಲಿ ತೂಗುಹಾಕುತ್ತಿದ್ದರು. ಕೀಲು ತೆಗೆದು, ಗಾಲಿಯನ್ನು ಸ್ವಲ್ಪ ಹೊರಕ್ಕೆಳೆದು, ಅಚ್ಚಿಗೆ ಕೀಲೆಣ್ಣೆ ಬಳಿದು ಮತ್ತೆ ಗಾಲಿ ತಳ್ಳಿದರೆ ಮುಗಿಯಿತು. ಹಚ್ಚಿದ ಎಣ್ಣೆ ಗಾಡಿ ಉರುಳಿದಂತೆಲ್ಲ ಹೊರಬಂದು ಗುಂಭಕ್ಕೆ ಅಂಟಿ, ಧೂಳು ಕೂಡಿ, ಕೊನೆಗೆ ದಾರಿಯ ಮೇಲೆಯೇ ಉದುರುತ್ತಿತ್ತು. ಗಾಡಿಕಾರ ಎಣ್ಣೆ ಹಾಕುವುದನ್ನು ಬಲ್ಲ. ಇಳಿಸುವುದು ಅವನಿಗೆ ಗೊತ್ತಿಲ್ಲ. ಇಳಿಸುವುದಕ್ಕೆ ಏನೂ ಉಳಿಯುತ್ತಲೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಗಾಡಿಯ ಹರಳೆಣ್ಣೆ ಒಂದು ಕಾಲಕ್ಕೆ ಆಕಾಶದಲ್ಲಿಯೂ ಓಡಾಡಿತು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ ೧೮೯೯ರಲ್ಲಿ ಕಟ್ಟಿದ ಕಂಪನಿ ೧೯೦೯ರಲ್ಲಿ ಮಾರುಕಟ್ಟೆಗೆ ತಂದ ಹೊಸ ಎಣ್ಣೆಯಲ್ಲಿ ಹರಳೆಣ್ಣೆ ಬೆರೆತಿತ್ತು. 'ಕ್ಯಾಸ್ಟ್ರಾಲ್' ಎಂಬ ಹೆಸರು ಬಂದದ್ದು 'ಕ್ಯಾಸ್ಟರ್' ಎಂಬ ಹರಳಿನ ಹೆಸರಿನಿಂದ. ಮೊದಲನೆಯ ಮಹಾಯುದ್ಧದ ಅನೇಕ ವಿಮಾನಗಳಲ್ಲಿ ಇಂಜಿನಿನ ಒಡಲೇ ಗಿರ್ರನೆ ತಿರುಗುತ್ತಿತ್ತು. ಅವಕ್ಕೆ ಕುಡಿಸುತ್ತಿದ್ದುದು ಹರಳೆಣ್ಣೆ. ಅಲ್ಲಿಯೂ ಎಣ್ಣೆ ಒಳಗೆ ನಿಲ್ಲುತ್ತಿರಲಿಲ್ಲ. ಒಂದು ಸಲ ಹಾದು, ಹೊಗೆಯ ಜೊತೆ ಹೊರಕ್ಕೆ ಹಾರಿ, ಹಾರಿಸುವವನ ಮುಖದ ಮೇಲೆಯೇ ಕೂರುತ್ತಿತ್ತು. ಅದನ್ನು ಉಸಿರಾಡಿದವರ ಹೊಟ್ಟೆಯ ಗತಿ ಏನಾಗುತ್ತಿತ್ತೆಂಬುದನ್ನು, ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದು ಬೆಳೆದ ನಮ್ಮ ತಲೆಮಾರಿಗೆ ವಿವರಿಸಬೇಕಾಗಿಲ್ಲ.

ಮೋಟಾರು ಕಾರಿನ ರೀತಿ ಬೇರೆಯಾಯಿತು. ಅದು ಎಣ್ಣೆಯನ್ನು ಹೊರಗೆ ಬಿಡದೆ ತನ್ನ ಹೊಟ್ಟೆಯ ಕೆಳಗಿನ ಒಂದು ಬಟ್ಟಲಿನಲ್ಲಿ, ಸಂಪು ಎನ್ನುವುದು ಇದನ್ನೇ, ಇಟ್ಟುಕೊಂಡಿತು. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಮೇಲಕ್ಕೆ ಎರಚಿ ಬಳಸಿತು. ಉರಿದ ಪೆಟ್ರೋಲಿನ ಮಸಿ, ಲೋಹದ ಸವೆದ ಪುಡಿ, ಉರಿಯದೆ ಇಳಿದ ಪೆಟ್ರೋಲು, ತಂಪಿನಲ್ಲಿ ಹನಿಗಟ್ಟಿದ ನೀರು, ದಾರಿಯ ಧೂಳು ಎಲ್ಲವೂ ಬಂದು ಸೇರುವುದು ಆ ಬಟ್ಟಲಿಗೇ. ಎಣ್ಣೆ ತಾನಾಗಿ ಸವೆಯುವುದು ಕಡಮೆ, ಕೊಳೆಯಾಗುವುದು ಹೆಚ್ಚು. ಮನುಷ್ಯನ ಕೈಯಲ್ಲಿ 'ಹಳೆಯ ಎಣ್ಣೆ' ಎಂಬ ಹೊಸ ವಸ್ತು ಹುಟ್ಟಿದ್ದು ಹೀಗೆ.

೧೯೦೮ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು ಲೋಕವನ್ನೆಲ್ಲ ಸುತ್ತಿದ್ದು ಎಲ್ಲರಿಗೂ ತಿಳಿದಿದೆ. ಅದರ ಜೊತೆ ಕೊಡುತ್ತಿದ್ದ ಕೈಪಿಡಿಯಲ್ಲಿ ಎಣ್ಣೆ ಇಳಿಸುವ ವಿಧಿಯಿದೆ. ಹೊಸ ಕಾರು ನಾನೂರು ಮೈಲು ಓಡಿದ ಮೇಲೆ ಮೊದಲ ಸಲ, ಆಮೇಲೆ ಏಳುನೂರೈವತ್ತು ಮೈಲಿಗೊಂದಾವೃತ್ತಿ. ಇಂದಿನ ಕಾರುಗಳು ಹತ್ತು ಸಾವಿರ ಕಿಲೋಮೀಟರು ಓಡಿ ಎಣ್ಣೆ ಬದಲಿಸುವುದನ್ನು ಕಂಡವರಿಗೆ ಇದು ಬಾಣಂತಿಯ ಉಪಚಾರದಂತೆ ತೋರೀತು. ಅಡಿಯ ಬಿರಡೆ ತೆಗೆದು ಎಣ್ಣೆ ಸುರಿಸಿದರೆ ಸಾಲದು. ಬಿರಡೆ ಮುಚ್ಚಿ ಒಂದು ಗ್ಯಾಲನ್ ಚಿಮಿಣಿ ಎಣ್ಣೆ ಹೊಯ್ಯಬೇಕು. ಹಿಡಿಕೆ ಹಾಕಿ ಇಂಜಿನನ್ನು ಕೈಯಿಂದ ಹದಿನೈದಿಪ್ಪತ್ತು ಸುತ್ತು ತಿರುಗಿಸಬೇಕು. ಒಳಗೆಲ್ಲ ತೊಳೆದ ಆ ಚಿಮಿಣಿ ಎಣ್ಣೆಯನ್ನೂ ಇಳಿಸಬೇಕು. ಆಮೇಲಿನದು ನನಗೆ ಬಹಳ ಹಿಡಿಸಿದ ಭಾಗ: ತಳದ ತಗ್ಗುಗಳಲ್ಲಿ ನಿಂತದ್ದೂ ಹರಿದು ಬರುವಂತೆ, ಬೀದಿಯ ಅಂಚುಕಟ್ಟೆಯಷ್ಟು ಎತ್ತರದ ಒಂದು ಸಣ್ಣ ಏರಿಗೆ ಕಾರನ್ನು ಹತ್ತಿಸಬೇಕೆಂದು ಆ ಕೈಪಿಡಿ ಹೇಳುತ್ತದೆ.

ಕುಂಬ್ರದ ಕಾಕ ಆ ಪುಸ್ತಕವನ್ನು ನೋಡಿದವರಲ್ಲ. ಆದರೆ ಅವರ ಅಂಗಳದಲ್ಲಿ ಎರಡು ಮುರಕಲ್ಲುಗಳೂ ಎರಡು ದಪ್ಪ ಹಲಗೆಗಳೂ ಬಿದ್ದಿದ್ದವು. ಮಗ ಕಾರಿನ ಒಂದು ಬದಿಯನ್ನು ಅವುಗಳ ಮೇಲೆ ಹತ್ತಿಸಿ, ಡ್ರೈನ್ ಬೋಲ್ಟು ಇರುವ ಕಡೆ ತಗ್ಗಾಗುವಂತೆ ನಿಲ್ಲಿಸಿದ. ಎಂದಿನ ಕ್ರಮದಲ್ಲಿ ಎಣ್ಣೆ ಇಳಿಸುವ ಮುಂಚೆ ಇಂಜಿನನ್ನು ಸ್ವಲ್ಪ ಓಡಿಸಿ ಬಿಸಿ ಮಾಡುತ್ತಾರೆ. ಬಿಸಿಯೆಣ್ಣೆ ತೆಳುವಾಗಿ ಹರಿಯುತ್ತದೆ, ಮಸಿಯೂ ತಳಕ್ಕೆ ಕೂರದೆ ಜೊತೆಯಲ್ಲಿ ಬರುತ್ತದೆ. ನನ್ನ ಕಾರಿನದು ನೀರು ಕುಡಿದ ರೋಗವಾದ್ದರಿಂದ ಚಿಕಿತ್ಸೆ ತಿರುವುಮುರುವು. ಮೊದಲು ರಾತ್ರಿಯಿಡೀ ತಣ್ಣಗೆ ಬಿಡಬೇಕು. ನೀರು ಅಡಿಗೆ ನಿಲ್ಲುತ್ತದೆ. ಬೆಳಿಗ್ಗೆ ಬೋಲ್ಟನ್ನು ಪೂರ್ತಿ ಬಿಚ್ಚದೆ ಸಡಿಲಿಸಿದರೆ ಮೊದಲು ಬರುವುದು ನೀರು. ನನ್ನ ಕಾರಿನಿಂದ ಬಂದದ್ದೂ ನೀರೇ, ಒಂದು ಲೋಟದಷ್ಟು. ಪೇಟೆಯವರು ಬಿಸಿ ಇಂಜಿನಿನಿಂದ ಅವಸರದಲ್ಲಿ ಇಳಿಸಿದಾಗ ಎಣ್ಣೆಯೊಡನೆ ಕಲಸಿಹೋಗಿ ಮೂಲೆಗಳಲ್ಲಿ ಉಳಿದಿದ್ದ ನೀರು ಅದು.

ಆಮೇಲೆ ಮೇಲಿನ ಮುಚ್ಚಳ ತೆಗೆದು, ಅಳತೆ ಕಡ್ಡಿಯನ್ನೂ ಎತ್ತಿಟ್ಟರು. ಗಾಳಿ ಹೋಗಲು ದಾರಿಯಿದ್ದರೆ ಎಣ್ಣೆ ಬರಲು ದಾರಿ. ಧಾರೆ ಸಣ್ಣದಾಯಿತು, ಸರವಾಯಿತು, ಹನಿಯಾಯಿತು. ನಾನು ಗಡಿಯಾರ ನೋಡಿದೆ. "ಇನ್ನೂ ಉಂಟು ಮಾಷ್ಟ್ರೇ, ಬರ್ಲಿ. ಅವಸರ ಮಾಡಿದ್ರೆ ಆಗ್ಲಿಕ್ಕಿಲ್ಲ" ಎಂದರು ಕಾಕ. ಫಿಲ್ಟರು ಬಿಚ್ಚಿದಾಗ ಅದರೊಳಗಿಂದ ಮತ್ತೊಂದು ಲೋಟ ಬಂತು. ಹೊಸ ಫಿಲ್ಟರು ಹಾಕಿ, ಅಗ್ಗದ ಎಣ್ಣೆ ತುಂಬಿ, ಐದು ನಿಮಿಷ ಓಡಿಸಿ ಅದನ್ನೂ ಇಳಿಸಿದರು. ಫಿಲ್ಟರನ್ನು ಮತ್ತೆ ಬದಲಿಸಿ, ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಒಳ್ಳೆಯ ಎಣ್ಣೆ. ಚಿಮಿಣಿ ಎಣ್ಣೆ ಹೊಯ್ದು ತೊಳೆಯುವ ಹಳೆಯ ಪದ್ಧತಿಯನ್ನು ಕೇಳಿದೆ. ಆ ಕಾಲದ ಇಂಜಿನು ತಡೆದುಕೊಳ್ಳುತ್ತಿತ್ತು, ಈಗಿನದಕ್ಕೆ ಬೇಡ ಎಂದರು. ಚಿಮಿಣಿ ಎಣ್ಣೆಗೆ ಜಿಡ್ಡಿಲ್ಲ. ಒಳಗಿನ ಬೇರಿಂಗುಗಳು ಒಣಗಿದಂತಾಗುತ್ತವೆ. ಇಷ್ಟೆಲ್ಲ ಮಾಡಿದರೂ ಸಣ್ಣ ನಾಳಗಳಲ್ಲಿ ಒಂದಿಷ್ಟು ಹಳೆಯದು ಉಳಿದೇ ಉಳಿಯುತ್ತದಂತೆ. ಹಳೆಯದನ್ನು ಸೊನ್ನೆ ಮಾಡುವುದು ಯಾರ ಕೈಯಲ್ಲೂ ಇಲ್ಲ.

ಕುಂಬ್ರದಂಥ ಊರಿನಲ್ಲಿ ಈ ವಿದ್ಯೆ ಇಷ್ಟು ಬಲಿತದ್ದಕ್ಕೆ ಕಾರಣವಿದೆ. ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ. ಪುತ್ತೂರಿಗೆ ಅದು ತಲುಪಲು ಮತ್ತೆ ಸುಮಾರು ಎಪ್ಪತ್ತು ವರ್ಷ ಬೇಕಾಯಿತು. ಹಾಸನ–ಮಂಗಳೂರು ಹಳಿ ಪೂರ್ತಿಯಾದದ್ದು ೧೯೭೯ರಲ್ಲಿ. ಅಲ್ಲಿಯವರೆಗೆ ಅಡಿಕೆಯ ಮೂಟೆಗೂ, ಆಸ್ಪತ್ರೆಯ ರೋಗಿಗೂ, ಮದುವೆಯ ದಿಬ್ಬಣಕ್ಕೂ ರಸ್ತೆಯೇ ಗತಿ. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಜನರ ಬಾಯಲ್ಲಿ ಸಿ.ಪಿ.ಸಿ., ಮೋಟಾರು ಓಡಿಸತೊಡಗಿತು. ಶಂಕರ ವಿಠಲ, ಹನುಮಾನ್ ಮುಂತಾದ ಕಂಪನಿಗಳು ಅನಂತರ ಬಂದವು. ಜಿಲ್ಲೆಯವರ ಬದುಕು ಖಾಸಗಿ ಬಸ್ಸಿನ ವೇಳೆಗೆ ಹೊಂದಿಕೊಂಡಿತು. ೧೯೩೪ರ ಫೆಬ್ರವರಿಯಲ್ಲಿ ಹರಿಜನ ಪ್ರವಾಸದ ಕಾಲಕ್ಕೆ ಗಾಂಧೀಜಿ ಕೊಡಗಿನಿಂದ ಘಟ್ಟವಿಳಿದು ಪುತ್ತೂರಿಗೆ ಬಂದದ್ದೂ ಮೋಟಾರಿನಲ್ಲಿಯೇ. ಅವರು ಆಡಿದ ಮಾತನ್ನು ಬರೆದಿಟ್ಟವರಿದ್ದಾರೆ. ಆ ಗಾಡಿಯ ಅಡಿಗೆ ಹಿಂದಿನ ದಿನ ನುಗ್ಗಿ ಎಣ್ಣೆ ಇಳಿಸಿದವನ ಹೆಸರು ಯಾವ ದಾಖಲೆಯಲ್ಲೂ ಇರಲಾರದು. ಘಟ್ಟದ ಏರಿನಲ್ಲಿ ಇಂಜಿನು ಕಾಯುತ್ತದೆ, ಕಾದ ಎಣ್ಣೆ ಬೇಗ ಹಳಸುತ್ತದೆ. ಸಂಪಾಜೆಯ ತಿರುವಿನಲ್ಲಿ ನಿಂತುಹೋದ ಬಸ್ಸಿಗೆ ಸಹಾಯ ತರಲು ಆಗ ಫೋನೂ ಇರಲಿಲ್ಲ. ಆದ್ದರಿಂದ ಎಣ್ಣೆಯ ವಿಷಯದಲ್ಲಿ ಡ್ರೈವರುಗಳು ಮಡಿವಂತರಾದರು.

ಈ ಮಡಿಗೆ ನಿಜವಾದ ಪರೀಕ್ಷೆ ಬಂದದ್ದು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ. ಪೆಟ್ರೋಲಿಗೆ ರೇಷನು ಬಂದು ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡತೊಡಗಿದವು. ಹಿಂದುಗಡೆ ಒಂದು ದೊಡ್ಡ ಉರುಳೆಯಾಕಾರದ ಒಲೆ. ಅದಕ್ಕೆ ಇದ್ದಿಲು ತುಂಬಿ, ಹಿಡಿಕೆಯ ಫ್ಯಾನು ತಿರುಗಿಸಿ ಕೆಂಡ ಮಾಡಿ, ಹುಟ್ಟಿದ ಗ್ಯಾಸನ್ನು ಸೋಸಿ ಇಂಜಿನಿಗೆ ಕೊಡಬೇಕು. ಏರಿನಲ್ಲಿ ಪ್ರಯಾಣಿಕರು ಇಳಿದು ನೂಕುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರು ನಗುತ್ತ ಹೇಳುತ್ತಿದ್ದರು. ನಗೆಯಲ್ಲಿ ಮುಚ್ಚಿಹೋದದ್ದು ಇಂಜಿನಿನ ಪಾಡು. ಎಷ್ಟು ಸೋಸಿದರೂ ಸಣ್ಣ ಬೂದಿ ಗ್ಯಾಸಿನ ಜೊತೆ ಒಳಹೋಗಿ ಸಿಲಿಂಡರಿನ ಗೋಡೆಯನ್ನು ಉಜ್ಜುತ್ತಿತ್ತು. ಅಲ್ಲಿಂದ ಇಳಿದು ಎಣ್ಣೆಗೆ ಸೇರುತ್ತಿತ್ತು. ಕೀಲೆಣ್ಣೆಗೆ ನಾವೇ ಕೈಯಾರೆ ಬೂದಿ ಕಲಸುತ್ತಿದ್ದೆವು. ಗಾಡಿಯ ಅಚ್ಚಿಗೆ ಅದು ಹಿತವಾಗಿತ್ತು. ಅದೇ ಬೂದಿ ಇಂಜಿನಿನೊಳಗೆ ಅರದ ಕೆಲಸ ಮಾಡಿತು. ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಯುದ್ಧಕಾಲದಲ್ಲಿ ಎಣ್ಣೆಯೂ ಸುಲಭವಲ್ಲ. ಇಳಿಸಿದ ಎಣ್ಣೆಯನ್ನು ಚೆಲ್ಲದೆ ಡಬ್ಬಿಯಲ್ಲಿ ನಿಲ್ಲಿಸಿ, ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಹೊಯ್ಯುತ್ತಿದ್ದರೆಂದು ಕಾಕ ತಮ್ಮ ಗುರುವಿನ ಬಾಯಿಂದ ಕೇಳಿದ್ದಾರೆ.

ಯುದ್ಧ ಮುಗಿದ ಮೇಲೆ ಎಣ್ಣೆಯ ಗುಣವೇ ಬದಲಾಯಿತು. ಇದರ ಬೀಜ ಬಿದ್ದದ್ದು ೧೯೩೦ರ ದಶಕದಲ್ಲಿ. ಅಮೇರಿಕದ ಕ್ಯಾಟರ್‌ಪಿಲ್ಲರ್ ಕಂಪನಿಯ ಡೀಸೆಲ್ ಇಂಜಿನುಗಳಲ್ಲಿ ಉಂಗುರಗಳು ಜಿಗುಟಿನಿಂದ ಅಂಟಿಕೊಳ್ಳುತ್ತಿದ್ದವು. ಅದನ್ನು ತಪ್ಪಿಸಲು ಎಣ್ಣೆಗೆ ಸಾಬೂನಿನಂಥ ಒಂದು ಪದಾರ್ಥ ಬೆರೆಸಿ ನೋಡಿದರು. ೧೯೪೭ರಲ್ಲಿ ಅಮೇರಿಕದ ಪೆಟ್ರೋಲಿಯಂ ಸಂಸ್ಥೆ ಎಣ್ಣೆಗಳನ್ನು ರೆಗ್ಯುಲರ್, ಪ್ರೀಮಿಯಂ, ಹೆವಿ ಡ್ಯೂಟಿ ಎಂದು ಮೂರು ಜಾತಿ ಮಾಡಿತು. ಕೊನೆಯದು ಈ ಸಾಬೂನಿನ ಎಣ್ಣೆ. ಮೊದಲಿನ ಎಣ್ಣೆಯಲ್ಲಿ ಮಸಿ ತಳಕ್ಕೆ ಕೂತು ಹಲುವೆಯಂತೆ ಹೆಪ್ಪುಗಟ್ಟುತ್ತಿತ್ತು. ಮೇಲಿನ ಎಣ್ಣೆ ಬೆಳ್ಳಗೆ ಕಾಣುತ್ತಿತ್ತು. ಹೊಸ ಎಣ್ಣೆ ಮಸಿಯನ್ನು ಕೂರಲು ಬಿಡದೆ ತನ್ನಲ್ಲಿ ತೇಲಿಸಿಕೊಂಡು ತಾನು ಕಪ್ಪಾಯಿತು. ಕಪ್ಪಾಗುವುದು ಅದರ ಕೆಲಸದ ಗುರುತು. ಇದನ್ನು ತಿಳಿಯದವರು ಹೊಸ ಎಣ್ಣೆ ಬೇಗ ಕೆಡುತ್ತದೆಂದು ದೂರಿದರು. ತಿಳಿದವರು ಬೇರೊಂದು ಕಾರಣಕ್ಕೆ ಹೆದರಿದರು. ಹಳೆಯ ಇಂಜಿನಿಗೆ ಇದನ್ನು ಹೊಯ್ದರೆ ವರ್ಷಗಟ್ಟಲೆ ಕೂತ ಹೆಪ್ಪು ಒಮ್ಮೆಗೆ ಕಿತ್ತು ಬಂದು ಎಣ್ಣೆಯ ನಾಳವನ್ನು ಮುಚ್ಚೀತೆಂದು. ಆದ್ದರಿಂದಲೇ ಹಳೆಯ ಮೆಕ್ಯಾನಿಕರು ಸಂಪನ್ನೇ ಬಿಚ್ಚಿ, ತಳವನ್ನು ಕೆರೆದು, ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಹೊಸ ಜಾತಿಯ ಎಣ್ಣೆ ತುಂಬುತ್ತಿದ್ದುದು. 'ಪೂರ್ತಿ ಇಳಿಸುವುದು' ಎಂಬ ಕಾಕನ ಮಾತು ಆ ತಲೆಮಾರಿನಿಂದ ಬಂದದ್ದು.

ಇಲ್ಲಿಯವರೆಗಿನ ಚರಿತ್ರೆಯೆಲ್ಲ ಎಣ್ಣೆ ಬೋಲ್ಟಿನ ರಂಧ್ರದಿಂದ ಹೊರಬೀಳುವವರೆಗೆ. ಹೊರಬಿದ್ದ ಮೇಲೆ ಅದು ಎಲ್ಲಿಗೆ ಹೋಯಿತು?

ನಮ್ಮೂರುಗಳಲ್ಲಿ ಅದನ್ನು ಯಾರೂ ವ್ಯರ್ಥವೆಂದು ತಿಳಿಯಲಿಲ್ಲ. ಗೆದ್ದಲು ನಮ್ಮ ಪರಂಪರೆಯ ವೈರಿ. ಮೊದಲು ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಕೈಗೆ ತಗಲಿದರೆ ಚರ್ಮ ಸುಲಿಯುವ ಎಣ್ಣೆ ಅದು. ಕರಿ ಆಯಿಲು ಪುಕ್ಕಟೆ ಸಿಗುತ್ತಿತ್ತು, ಚರ್ಮವನ್ನೂ ಸುಲಿಯುತ್ತಿರಲಿಲ್ಲ. ಪಕ್ಕಾಸು ರೀಪುಗಳಿಗೆ ಬಳಿದರು. ಬೇಲಿಯ ಗೂಟದ ಬುಡಕ್ಕೆ, ಹಟ್ಟಿಯ ಕಂಬಕ್ಕೆ, ಗೇಟಿನ ತಿರುಗುಣಿಗೆ, ನೇಗಿಲ ಕಬ್ಬಿಣಕ್ಕೆ ಹಚ್ಚಿ ಇಟ್ಟರು. ಮಳೆಗಾಲದ ಗುಂಡಿಗೆ ಸೊಳ್ಳೆ ಸಾಯಲೆಂದು ಸುರಿದರು. ಕಜ್ಜಿ ಹಿಡಿದ ನಾಯಿಗೂ ಬಳಿದದ್ದುಂಟು. ತೋಟದ ತೋಡಿನ ಬದಿಯ ಡೀಸೆಲ್ ಪಂಪಿನ ಎಣ್ಣೆಯನ್ನಂತೂ ಬದಲಿಸುವವರು ಪಂಪುಶೆಡ್ಡಿನಿಂದ ಹೊರಕ್ಕೆ ಒಂದು ಕಣಿ ತೋಡಿ ಬಿಟ್ಟುಬಿಡುತ್ತಿದ್ದರು. ಆ ಕಣಿ ಎಲ್ಲಿಗೆ ಸೇರುತ್ತದೆಂದು ಬೇರೆ ಹೇಳಬೇಕೆ? ಉಳಿದದ್ದನ್ನು ನೆಲ ಕುಡಿಯಿತು. ನಮ್ಮ ನೆಲ ಮುರಕಲ್ಲಿನದು, ತೂತು ತೂತಿನದು. ೧೮೦೧ರಲ್ಲಿ ನಮ್ಮ ಜಿಲ್ಲೆಯಲ್ಲೂ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಜಾತಿಯ ಕಲ್ಲಿಗೆ, ಇಟ್ಟಿಗೆಯಂತೆ ಕಡಿಯಲು ಬರುವುದನ್ನು ನೋಡಿ, ೧೮೦೭ರ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟ. ಮೇಲೆ ಸುರಿದದ್ದು ಅದರ ತೂತುಗಳಲ್ಲಿ ಇಳಿಯುತ್ತದೆ, ಬಾವಿಯ ನೀರೂ ಅದೇ ತೂತುಗಳಿಂದ ಬರುತ್ತದೆ. ಒಂದು ಗ್ಯಾಲನ್ ಹಳೆಯ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೇರಿಕದ ಪರಿಸರ ರಕ್ಷಣಾ ಸಂಸ್ಥೆ ಹೇಳುತ್ತದೆ.

ಈಗ ನನ್ನ ಮನೆಯ ಮಾತು. ಕುಂಬ್ರದಿಂದ ಒಳಕ್ಕೆ ಒಂದೂವರೆ ಮೈಲು ನಡೆದರೆ ನಮ್ಮ ಹಿರಿಯರ ಮನೆ. ೧೯೮೮ರಲ್ಲಿ, ನಾನು ಎಂಟೊಂಬತ್ತು ವರ್ಷದ ಹುಡುಗನಾಗಿದ್ದಾಗ, ಹಟ್ಟಿಯ ಕಂಬಗಳಿಗೆ ಗೆದ್ದಲು ಹತ್ತಿತು. ತಂದೆಯವರು ಪೇಟೆಯಿಂದ ಡಾಲ್ಡಾ ಡಬ್ಬಿಯಲ್ಲಿ ಕರಿ ಆಯಿಲು ತಂದು, ತೆಂಗಿನ ಸಿಪ್ಪೆಯನ್ನು ಜಜ್ಜಿ ಕುಂಚ ಮಾಡಿ, ಒಂದು ಭಾನುವಾರ ಬೆಳಿಗ್ಗೆಯಿಡೀ ಬಳಿದರು. ಡಬ್ಬಿ ಹಿಡಿದುಕೊಂಡಿದ್ದವನು ನಾನು. ಊಟಕ್ಕೆ ಕರೆದಾಗ ಉಳಿದ ಎಣ್ಣೆಯ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಓಡಿದವನೂ ನಾನೇ. ತಿರುಗಿ ಬಂದಾಗ ಕೆಂಪಿ ಎಂಬ ಹಸು ಅದನ್ನು ನೆಕ್ಕಿ ಚೊಕ್ಕಟ ಮಾಡಿತ್ತು. ಅದರ ಮೂತಿಯೆಲ್ಲ ಕಪ್ಪಾದದ್ದನ್ನು ಕಂಡು ನಾವು ಮಕ್ಕಳು ನಕ್ಕೆವು.

ಎರಡು ದಿನ ಕಳೆದು ಕೆಂಪಿ ಹುಲ್ಲು ಬಿಟ್ಟಿತು. ಹಲ್ಲು ಕಡಿಯತೊಡಗಿತು. ಹಣೆಯನ್ನು ಹಟ್ಟಿಯ ಗೋಡೆಗೆ ಒತ್ತಿ ನಿಲ್ಲುತ್ತಿತ್ತು. ಯಾರೋ ಎಳೆದು ಈಚೆಗೆ ತಂದರೆ ಮತ್ತೆ ಹೋಗಿ ಒತ್ತುತ್ತಿತ್ತು. ಕಣ್ಣು ತೆರೆದೇ ಇದ್ದರೂ ನಾನು ಹಿಡಿದ ಹುಲ್ಲನ್ನು ಅದು ಕಾಣಲಿಲ್ಲ. ಐದನೆಯ ದಿನ ಬಿದ್ದು ಕಾಲು ಬಡಿದು ಸತ್ತಿತು. ಹಾವು ಕಚ್ಚಿರಬೇಕೆಂದು ಒಬ್ಬರು, ದೃಷ್ಟಿಯೆಂದು ಒಬ್ಬರು. ಅಜ್ಜಿ ದೈವಕ್ಕೆ ಹರಕೆ ಹೇಳಿಕೊಂಡರು. ಡಬ್ಬಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎಣ್ಣೆ ನೆಕ್ಕಿದರೆ ಹಸು ಸಾಯುತ್ತದೆಂದು ಯಾರಿಗೆ ಗೊತ್ತು? ಎಷ್ಟೋ ವರ್ಷಗಳ ಮೇಲೆ ಪಶುವೈದ್ಯನಾದ ಗೆಳೆಯನ ಮನೆಯಲ್ಲಿ ಒಂದು ಪಠ್ಯಪುಸ್ತಕ ತಿರುವುತ್ತಿದ್ದಾಗ ಸೀಸದ ವಿಷದ ಅಧ್ಯಾಯ ಕಣ್ಣಿಗೆ ಬಿತ್ತು. ಹಲ್ಲು ಕಡಿಯುವುದು, ಕುರುಡು, ಗೋಡೆಗೆ ತಲೆ ಒತ್ತುವುದು. ವಿಷ ಬರುವ ದಾರಿಗಳಲ್ಲಿ ಒಂದು, ಇಂಜಿನಿನಿಂದ ಇಳಿಸಿದ ಹಳೆಯ ಎಣ್ಣೆ. ದನಗಳು ಅದನ್ನು ಇಷ್ಟಪಟ್ಟು ನೆಕ್ಕುತ್ತವೆಂದೂ ಬರೆದಿತ್ತು. ಆ ಕಾಲದ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಇಂಜಿನು ಬಡಿದುಕೊಳ್ಳದಿರಲಿ ಎಂದು ೧೯೨೧ರಲ್ಲಿ ಅಮೇರಿಕದ ಥಾಮಸ್ ಮಿಜ್ಲಿ ಕಂಡುಹಿಡಿದ ಉಪಾಯ ಅದು. ಉರಿದ ಸೀಸದ ಒಂದು ಪಾಲು ಸಂಪಿನ ಎಣ್ಣೆಗೆ ಇಳಿಯುತ್ತಿತ್ತು. ಭಾರತದಲ್ಲಿ ಸೀಸದ ಪೆಟ್ರೋಲು ನಿಂತದ್ದು ೨೦೦೦ನೆಯ ಇಸವಿಯ ಫೆಬ್ರವರಿಯಲ್ಲಿ. ಕೆಂಪಿ ಸತ್ತದ್ದು ಅದರಿಂದಲೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಯಾರೂ ಹೊಟ್ಟೆ ಕೊಯ್ದು ನೋಡಲಿಲ್ಲ. ತಂದೆಯವರಿಗೆ ಮಾತ್ರ ಈ ಅಧ್ಯಾಯದ ಸುದ್ದಿಯನ್ನು ನಾನು ಹೇಳಲಿಲ್ಲ. ಡಬ್ಬಿ ಬಿಟ್ಟು ಓಡಿದ್ದು ಯಾರೆಂದು ಅವರು ಕೊನೆಯವರೆಗೂ ಕೇಳಲಿಲ್ಲ.

ಸರಕಾರ ಈ ಕರಿ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಗೆ ಸೇರಿಸಿ ಬಹಳ ಕಾಲವಾಯಿತು. ಆ ತ್ಯಾಜ್ಯಗಳ ನಿಯಮ ಮೊದಲು ಬಂದದ್ದು ೧೯೮೯ರಲ್ಲಿ. ಅದು ತಿದ್ದುಪಡಿಯಾಗುತ್ತ ಬಂದು ೨೦೧೬ರಲ್ಲಿ ಹೊಸ ರೂಪ ಪಡೆಯಿತು. ೨೦೨೩ರಲ್ಲಿ ಹೊರಡಿಸಿ ೨೦೨೪ರ ಏಪ್ರಿಲಿನಿಂದ ಜಾರಿಗೆ ತಂದ ಕಟ್ಟಳೆಯಂತೆ, ಎಣ್ಣೆ ತಯಾರಿಸಿ ಮಾರುವ ಕಂಪನಿಗಳೇ ಹಳೆಯ ಎಣ್ಣೆಯ ಒಂದು ಪಾಲು ಮತ್ತೆ ಶುದ್ಧವಾಗುವಂತೆ ನೋಡಿಕೊಳ್ಳಬೇಕು. ನೀರು ತೆಗೆದು, ಕೊಳೆ ತೆಗೆದು, ಭಟ್ಟಿಯಿಳಿಸಿದರೆ ಅದು ಪುನಃ ಒಳ್ಳೆಯ ಎಣ್ಣೆಯಾಗುತ್ತದೆ. ಕಾಗದದ ಮೇಲೆ ಇದು ಒಪ್ಪುವ ಮಾತೇ. ಹೆದ್ದಾರಿಯ ಬದಿಯ ಪ್ರತಿಯೊಂದು ಗ್ಯಾರೇಜಿಗೂ ಅದು ಇಳಿದು ಬರುವಷ್ಟರಲ್ಲಿ ಇನ್ನೆಷ್ಟು ಮಳೆಗಾಲ ಕಳೆಯುತ್ತದೋ ನೋಡಬೇಕು.

ಕಾಕನ ಗ್ಯಾರೇಜಿನ ಮೂಲೆಯಲ್ಲಿ ಒಂದು ಇನ್ನೂರು ಲೀಟರಿನ ಪೀಪಾಯಿ ಇದೆ. ನನ್ನ ಕಾರಿನ ಚಹಾಬಣ್ಣದ ಎಣ್ಣೆಯನ್ನು ಅದಕ್ಕೆ ಸೇರಿಸದೆ ಬೇರೆ ಕ್ಯಾನಿಗೆ ಹೊಯ್ದರು. ನೀರು ಬೆರೆತದ್ದನ್ನು ಕೊಳ್ಳುವವರು ಒಪ್ಪುವುದಿಲ್ಲವಂತೆ. ಮೊದಲೆಲ್ಲಿ ಬಿಡುತ್ತಿದ್ದಿರಿ ಎಂದು ಕೇಳಿದೆ. ಅವರು ಮಾತನಾಡದೆ ಹಿಂದುಗಡೆಯ ಹಲಸಿನ ಮರದ ಕಡೆ ಕೈ ತೋರಿಸಿದರು. ಆಟಿಯ ಮಳೆಗೆ ಕಲ್ಲಿನ ಮೇಲೂ ಹುಲ್ಲು ಏಳುತ್ತದೆ. ಆ ಮರದ ಆಚೆ ಒಂದು ಚಾಪೆಯಗಲದ ಜಾಗ ಮಾತ್ರ ಬೋಳಾಗಿತ್ತು.

ಅಷ್ಟರಲ್ಲಿ ಒಬ್ಬ ತರುಣ ಸ್ಕೂಟರಿನಲ್ಲಿ ಬಂದ. ಕೈಯಲ್ಲಿ ಐದು ಲೀಟರಿನ ಖಾಲಿ ಕ್ಯಾನು. "ಕಾಕ, ಸ್ವಲ್ಪ ಕರಿ ಆಯಿಲ್ ಬೇಕಿತ್ತು, ಕಂಬಕ್ಕೆ ಹಚ್ಚಲಿಕ್ಕೆ." ಕಾಕನ ಮಗ ಪೀಪಾಯಿಯಿಂದ ಅರ್ಧ ಕ್ಯಾನು ತುಂಬಿಸಿಕೊಟ್ಟ, ಹಣ ಕೇಳಲಿಲ್ಲ.

"ಯಾವ ಕಂಬ? ಹಟ್ಟಿಯದಾ?" ಎಂದು ನಾನು ಕೇಳಿದೆ.

"ಹೌದು ಸರ್."

"ದನ ಉಂಟಾ?"

"ಎರಡು ಉಂಟು. ಒಂದು ಕರು."

ಕೆಂಪಿಯ ಕಥೆಯನ್ನು ಅವನಿಗೆ ಹೇಳಿದೆ. ಈಗಿನ ಎಣ್ಣೆಯಲ್ಲಿ ಆ ಸೀಸವಿಲ್ಲ, ಉಳಿದದ್ದೆಲ್ಲ ಇದೆ ಎಂದೂ ಹೇಳಿದೆ. ಅವನು ಸ್ಕೂಟರು ನಿಲ್ಲಿಸಿಯೇ ಕೇಳಿಸಿಕೊಂಡ, ಕಾಕನ ಮುಖವನ್ನೊಮ್ಮೆ ನೋಡಿದ. ಕ್ಯಾನನ್ನು ಹಿಂದಕ್ಕೆ ಕೊಡಲಿಲ್ಲ. ಮುಚ್ಚಳವನ್ನು ಇನ್ನೆರಡು ಸುತ್ತು ಗಟ್ಟಿಯಾಗಿ ತಿರುಗಿಸಿ, ಕಾಲಬಳಿ ಇಟ್ಟುಕೊಂಡು, ಬೆಳ್ಳಾರೆಯ ದಾರಿ ಹಿಡಿದ.